ಕೈಗಿಂತ ಮುಂದೆ ನಡೆಯುವ ಕಣ್ಣು

ಕನ್ನಡದಲ್ಲಿ ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡು ಕೆಲಸಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿರುವ ನಮ್ಮ ಭಾಷೆ ಲೇಖನಿಗೂ ಕುಂಚಕ್ಕೂ ಭೇದವೆಣಿಸಿಲ್ಲ. ಆದರೆ ಓದುವವರಾದ ನಾವು ಎಣಿಸುತ್ತೇವೆ. ವಾರಪತ್ರಿಕೆ ಮನೆಗೆ ಬಂದ ದಿನ ನಡೆಯುವುದನ್ನು ನೆನೆದುಕೊಳ್ಳಿ. ಧಾರಾವಾಹಿಯ ಪುಟ ತೆರೆದೊಡನೆ ಎಲ್ಲರ ಕಣ್ಣೂ ಮೊದಲು ಬೀಳುವುದು ಚಿತ್ರದ ಮೇಲೆ. ನಾಯಕಿ ಬಾಗಿಲ ಬಳಿ ನಿಂತು ಕಣ್ಣೊರಸಿಕೊಳ್ಳುತ್ತಿರುವುದೇಕೆ, ಅವಳ ಕೈಯಲ್ಲಿರುವ ಪತ್ರ ಯಾರದು ಎಂಬ ಕುತೂಹಲವನ್ನು ಹುಟ್ಟಿಸುವುದು ಚಿತ್ರ. ಅನಂತರವೇ ನಾವು ಅಕ್ಷರಗಳಿಗೆ ಇಳಿಯುವುದು. ಓದಿ ಮುಗಿಸಿದ ಮೇಲೆ ಕತೆಗಾರರ ಹೆಸರು ನಮ್ಮ ನಾಲಗೆಯ ಮೇಲಿರುತ್ತದೆ. ಚಿತ್ರದ ಮೂಲೆಯಲ್ಲಿ ಇರುವೆಯ ಸಾಲಿನಂತೆ ಮಲಗಿರುವ ಆ ಪುಟ್ಟ ರುಜುವನ್ನು ಎಷ್ಟು ಜನ ಓದುತ್ತಾರೆ?

ಆ ರುಜುವನ್ನು ಹಾಕುವ ಯೋಗ್ಯತೆ ಬರುವುದಕ್ಕೆ ಮುಂಚೆ ಎಷ್ಟು ಹಾಳೆಗಳು ಹಾಳಾಗಿರುತ್ತವೆ, ಎಷ್ಟು ರಾತ್ರಿಗಳು ‘ಇದು ನನ್ನಿಂದಾಗದು’ ಎಂಬ ನಿಟ್ಟುಸಿರಿನಲ್ಲಿ ಕಳೆದಿರುತ್ತವೆ ಎಂಬುದು ಓದುಗರಿಗೆ ಕಾಣುವ ವಿಷಯವಲ್ಲ. ಚಿತ್ರ ಬರೆಯಲು ಕಲಿಯುತ್ತಿರುವವರ ಆ ಕಾಣದ ವರ್ಷಗಳ ಕುರಿತು ಈ ವಾರ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನಿರುವ ತಿತಿಮತಿ ದಕ್ಷಿಣ ಕೊಡಗಿನ ಒಂದು ಪುಟ್ಟ ಊರು. ಮೈಸೂರಿನಿಂದ ಹುಣಸೂರಿನ ಮೇಲೆ ಗೋಣಿಕೊಪ್ಪಲಿಗೆ ಬರುವವರು ನಾಗರಹೊಳೆಯ ಕಾಡನ್ನು ಹಾದು, ಕಾಫಿ ತೋಟಗಳು ಕಣ್ಣಿಗೆ ಬೀಳುವ ಹೊತ್ತಿಗೆ ಇದನ್ನು ದಾಟುತ್ತಾರೆ. ಸಮೀಪದಲ್ಲೇ ಮತ್ತಿಗೋಡಿನ ಆನೆ ಶಿಬಿರ. 2020ರಲ್ಲಿ ಮೊದಲ ಬಾರಿಗೆ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅಭಿಮನ್ಯು ಈ ಶಿಬಿರದ ಆನೆ. ಇಂಥ ಊರಿನಲ್ಲಿ ಬೆಳೆದ ಮಕ್ಕಳಿಗೆ ಆನೆ ಪಠ್ಯಪುಸ್ತಕದ ಪ್ರಾಣಿಯಲ್ಲ. ರಾತ್ರಿ ಬಾಳೆಯ ಗಿಡ ಮುರಿದುಹೋದ ಸದ್ದು, ಬೆಳಿಗ್ಗೆ ಅಂಗಳದಲ್ಲಿ ಕಾಣುವ ಹೆಜ್ಜೆ. ಆದರೆ ಆ ಆನೆಯನ್ನು ಕಾಗದದ ಮೇಲೆ ಬರೆಯಲು ಕಲಿಯಬೇಕೆಂದರೆ ಮೈಸೂರಿನ ಬಸ್ಸು ಹತ್ತಬೇಕು.

ಹಾಗೆ ಬಸ್ಸು ಹತ್ತಿ ಹೋದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಕತೆ ಪುಸ್ತಕಗಳಿಗೆ ಚಿತ್ರ ಬರೆಯುವ ವಿದ್ಯೆಯನ್ನು ಮೈಸೂರಿನ ಕಲಾಶಾಲೆಯೊಂದರಲ್ಲಿ ಕಲಿಯುತ್ತಿದ್ದಾಳೆ. ಮೂರನೆಯ ವರ್ಷ ಮುಗಿಸಿ ರಜೆಗೆ ಬಂದವಳು ಒಂದು ಸಂಜೆ ಏಳು ಸ್ಕೆಚ್ ಪುಸ್ತಕಗಳನ್ನು ಹೊತ್ತು ನಮ್ಮ ಮನೆಗೆ ಬಂದಳು. ಮುಖದಲ್ಲಿ ರಜೆಯ ಗೆಲುವಿರಲಿಲ್ಲ. “ಸಾರ್, ಇನ್ನೊಂದು ವರ್ಷ ಉಂಟು. ಆದರೆ ಬಿಟ್ಟುಬಿಡುವಾ ಅಂತ ಇದ್ದೇನೆ,” ಎಂದಳು. ಮನೆಯವರ ಕಡೆಯಿಂದ ಅಡ್ಡಿಯೆ ಎಂದು ಕೇಳಿದೆ. ಅಪ್ಪ ಬೈಯುವುದಿಲ್ಲವಂತೆ, ಆದರೆ ಈಗ ಯಂತ್ರವೇ ಕ್ಷಣದಲ್ಲಿ ಚಿತ್ರ ಬರೆದುಕೊಡುವಾಗ ಮಗಳ ಚಿತ್ರವನ್ನು ಯಾರು ಕೊಳ್ಳುತ್ತಾರೆಂದು ಕೇಳುತ್ತಾರಂತೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. “ಮೊದಲನೇ ವರ್ಷ ನಾನು ಬರೆದದ್ದೆಲ್ಲ ನನಗೆ ಚೆನ್ನಾಗಿ ಕಾಣುತ್ತಿತ್ತು ಸಾರ್. ಈಗ ಯಾವುದೂ ಚೆನ್ನಾಗಿ ಕಾಣುವುದಿಲ್ಲ. ಮೂರು ವರ್ಷ ಕಲಿತು ಹಿಂದಕ್ಕೆ ಹೋಗಿದ್ದೇನೆ.”

ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಅವಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು: ಪ್ರತಿ ಪುಟದ ಕೆಳಗೆ ತಾರೀಖು, ಅದರ ಪಕ್ಕದಲ್ಲಿ ತನಗೆ ತಾನೇ ಬರೆದುಕೊಂಡ ಒಂದು ಸಾಲು. ಮೊದಲ ಪುಸ್ತಕದಲ್ಲಿ ಒಂದು ಆನೆ. ನಾಲ್ಕು ಕಂಬಗಳ ಮೇಲೆ ಒಂದು ಪೀಪಾಯಿ, ಮುಂದೆ ಒಂದು ಸೊಂಡಿಲು. ಕೆಳಗೆ ಬರೆದಿತ್ತು: ‘ತುಂಬಾ ಚೆನ್ನಾಗಿ ಬಂತು.’ ಏಳನೆಯ ಪುಸ್ತಕದಲ್ಲಿ ಇನ್ನೊಂದು ಆನೆ. ಮತ್ತಿಗೋಡಿನಲ್ಲಿ ಮಾವುತನ ಪಕ್ಕದಲ್ಲಿ ಕುಳಿತು ಬರೆದದ್ದು. ನಮ್ಮ ದೇಶದ ಆನೆಗೆ ದೇಹದ ಅತ್ಯಂತ ಎತ್ತರದ ಭಾಗ ತಲೆ, ಬೆನ್ನು ಕಮಾನಿನಂತೆ ಬಾಗಿರುತ್ತದೆ, ಅದು ಅಲ್ಲಿತ್ತು. ಹಿಂಗಾಲಿನ ಮಂಡಿ ಮನುಷ್ಯರ ಮಂಡಿಯಂತೆ ಮುಂದಕ್ಕೆ ಮಡಿಯುತ್ತದೆ, ಅದು ಅಲ್ಲಿತ್ತು. ಮುಂಗಾಲಿನ ಪಾದ ದುಂಡು, ಹಿಂಗಾಲಿನದು ತುಸು ನೀಳ. ಮುಂದೆ ಸಾಮಾನ್ಯವಾಗಿ ಐದು ಉಗುರು, ಹಿಂದೆ ನಾಲ್ಕು. ಅದೂ ಇತ್ತು. ಮುಂಗಾಲಿನ ಪಾದದ ಸುತ್ತಳತೆಯ ಸುಮಾರು ಎರಡರಷ್ಟು ಆನೆಯ ಭುಜದ ಎತ್ತರವೆಂದು ಕಾಡಿನವರು ಹೇಳುವ ಲೆಕ್ಕವನ್ನು ಅಂಚಿನಲ್ಲಿ ಗುರುತಿಸಿಕೊಂಡಿದ್ದಳು. ಇಷ್ಟೆಲ್ಲ ಇದ್ದ ಆ ಪುಟದ ಕೆಳಗೆ ಇದ್ದ ಸಾಲು ಯಾವುದು ಗೊತ್ತೆ? ‘ಕಿವಿ ಸತ್ತಿದೆ. ಭಾರ ನೆಲಕ್ಕೆ ಇಳಿದಿಲ್ಲ.’

ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು, “ನೋಡಮ್ಮ, ಇವೆರಡರಲ್ಲಿ ಹಿಂದಕ್ಕೆ ಹೋಗಿರುವುದು ಯಾವುದು?” ಎಂದು ಕೇಳಿದೆ. ಅವಳು ಬಹಳ ಹೊತ್ತು ನೋಡಿದಳು; ಉತ್ತರ ಕೊಡಲಿಲ್ಲ.

ಇಲ್ಲಿ ಅಡಗಿರುವ ಸಂಗತಿ ಕಲೆಯನ್ನು ಕಲಿಯುವ ಎಲ್ಲರಿಗೂ ಸಂಬಂಧಿಸಿದ್ದು. ಕಲಿಕೆಯಲ್ಲಿ ಕಣ್ಣೂ ಕೈಯೂ ಜೊತೆಜೊತೆಯಾಗಿ ನಡೆಯುವುದಿಲ್ಲ. ಕಣ್ಣು ಮೊದಲು ಹೆಜ್ಜೆಯಿಡುತ್ತದೆ, ಕೈ ಹಿಂದಿನಿಂದ ಬರುತ್ತದೆ. ಮೊದಲ ವರ್ಷ ಕಣ್ಣಿಗೆ ಕಂಡದ್ದು ಕಂಬ, ಪೀಪಾಯಿ, ಸೊಂಡಿಲು. ಅಷ್ಟನ್ನೂ ಕೈ ಬರೆಯಬಲ್ಲುದಾಗಿತ್ತು. ಆದ್ದರಿಂದ ತೃಪ್ತಿ. ಮೂರನೆಯ ವರ್ಷಕ್ಕೆ ಕಣ್ಣು ಸತ್ತ ಕಿವಿಗೂ ಬದುಕಿರುವ ಕಿವಿಗೂ ಇರುವ ವ್ಯತ್ಯಾಸವನ್ನು ಕಂಡುಬಿಟ್ಟಿದೆ; ಕೈ ಇನ್ನೂ ಅಲ್ಲಿಗೆ ತಲಪಿಲ್ಲ. ಆ ನಡುವಣ ಅಂತರವೇ ಅತೃಪ್ತಿ. ತನ್ನ ತಪ್ಪನ್ನು ಇಷ್ಟು ಖಚಿತವಾಗಿ ಹೆಸರಿಸಬಲ್ಲವಳು ಅದನ್ನು ತಿದ್ದುವ ದಾರಿಯ ಅರ್ಧವನ್ನು ನಡೆದಿರುತ್ತಾಳೆ. ಆದರೆ ಆ ದಾರಿಯಲ್ಲಿ ನಡೆಯುತ್ತಿರುವವರಿಗೆ ಕಾಣುವುದು ಉಳಿದ ಅರ್ಧ ಮಾತ್ರ. ಮರ ಬೆಳೆಯುವುದು ಮರಕ್ಕೆ ತಿಳಿಯುವುದಿಲ್ಲವಷ್ಟೆ.

ನಮ್ಮ ಹಳೆಯ ಕಾವ್ಯಮೀಮಾಂಸಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ವಿಚಾರ ಮಾಡಿದ್ದಾರೆ. 11ನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಕಾವ್ಯ ಹುಟ್ಟಲು ಮೂರು ಬೇಕೆನ್ನುತ್ತಾನೆ. ಒಂದು, ಶಕ್ತಿ, ಹುಟ್ಟಿನಿಂದ ಬಂದ ಬೀಜ. ಎರಡು, ನಿಪುಣತೆ, ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಚೆನ್ನಾಗಿ ನೋಡಿ ಪಡೆದ ಅರಿವು. ಮೂರು, ಬಲ್ಲವರ ಬಳಿ ಕಲಿತು ಮಾಡಿದ ಅಭ್ಯಾಸ. ವಿಶೇಷವೆಂದರೆ, ಈ ಮೂರನ್ನೂ ಹೇಳಿ ಮುಗಿಸುವಾಗ ಅವನು ‘ಹೇತು’ ಎಂದು ಏಕವಚನವನ್ನೇ ಬಳಸುತ್ತಾನೆ. ಮೂರೂ ಬೇರೆ ಬೇರೆ ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಎಂದು ಅವನ ಅಭಿಪ್ರಾಯ. ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ನಿಪುಣತೆ ಕಣ್ಣಿನದು, ಅಭ್ಯಾಸ ಕೈಯದು. ಒಂದು ಮುಂದೆ, ಒಂದು ಹಿಂದೆ ಇರುವುದು ಸ್ವಾಭಾವಿಕ. ‘ನನ್ನಲ್ಲಿ ಶಕ್ತಿಯೇ ಇಲ್ಲ’ ಎಂದು ಕಲಿಯುವವರು ಅವಸರದಲ್ಲಿ ಕೊಡುವ ತೀರ್ಪು ಬಹುಪಾಲು ಈ ಹಿಂದುಮುಂದನ್ನು ಅರಿಯದೆ ಕೊಟ್ಟದ್ದು.

ಮತ್ತೊಬ್ಬರು ಕೊಡುವ ತೀರ್ಪೂ ಅಷ್ಟೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಉದಾಹರಣೆ ನಮ್ಮೆದುರಿಗಿದೆ. ಓದು ಬಾರದಿದ್ದ ಎಳವೆಯಲ್ಲೇ ಅವರು ಮನೆಗೆ ಬರುತ್ತಿದ್ದ ‘ಸ್ಟ್ರ್ಯಾಂಡ್’, ‘ಪಂಚ್’ ಮೊದಲಾದ ಇಂಗ್ಲಿಷ್ ಸಚಿತ್ರ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರಂತೆ. ಶಾಲೆಯಲ್ಲಿ ಎಲೆಯೊಂದನ್ನು ಬರೆಯಿರಿ ಎಂದ ಉಪಾಧ್ಯಾಯರು ಈ ಹುಡುಗ ಬರೆದ ಅರಳಿ ಎಲೆಯನ್ನು ಮೆಚ್ಚಿ, ಮುಂದೆ ನೀನು ಕಲಾವಿದನಾಗುವೆ ಎಂದರಂತೆ. ಆದರೆ ಪ್ರೌಢಶಾಲೆ ಮುಗಿಸಿ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳಲು ತಕ್ಕ ಪ್ರತಿಭೆ ಕಾಣಲಿಲ್ಲವೆಂದು ಉತ್ತರ ಬಂತು. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಲೇ ಅಣ್ಣ ಆರ್. ಕೆ. ನಾರಾಯಣ್ ಅವರ ಕತೆಗಳಿಗೆ ‘ದಿ ಹಿಂದು’ ಪತ್ರಿಕೆಯಲ್ಲಿ ಚಿತ್ರ ಬರೆದರು. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ನಮ್ಮ ‘ಕೊರವಂಜಿ’ಯ ಪುಟಗಳಲ್ಲೂ ಅವರ ರೇಖೆಗಳು ನಕ್ಕವು. ಮುಂದೆ 1951ರಿಂದ ಅವರ ‘ಶ್ರೀಸಾಮಾನ್ಯ’ ದೇಶದ ಮನೆಮನೆಯ ನೆಂಟನಾದುದು ಎಲ್ಲರಿಗೂ ಗೊತ್ತು. ತಿರಸ್ಕರಿಸಿದ ಆ ಶಾಲೆಯೇ ಮುಂದೊಮ್ಮೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು.

ಈ ಕತೆಯನ್ನು ಗೆಲವಿನ ಕತೆಯೆಂದು ಹೇಳಿ ಮುಗಿಸುವುದು ಸುಲಭ. ನನಗೆ ಮುಖ್ಯವೆನಿಸುವುದು ಅವರು ಏನನ್ನು ಬರೆದು ಅಭ್ಯಾಸ ಮಾಡಿದರು ಎಂಬುದು. ತಮ್ಮ ಆತ್ಮಕತೆಯಲ್ಲಿ ಅವರೇ ಹೇಳಿರುವಂತೆ, ಕೋಣೆಯ ಕಿಟಕಿಯಿಂದ ಕಂಡದ್ದು: ಒಣಕಡ್ಡಿ, ಎಲೆ, ಹರಿದಾಡುವ ಹುಳಹುಪ್ಪಟೆ, ಸೌದೆ ಒಡೆಯುತ್ತಿದ್ದ ಆಳು, ಮತ್ತು ಎದುರು ಮನೆಗಳ ಮಾಡಿನ ಮೇಲೆ ಬಗೆಬಗೆಯಾಗಿ ಕೂರುತ್ತಿದ್ದ ಕಾಗೆಗಳು. ಕಾಗೆಯನ್ನು ಅವರು ಮುಪ್ಪಿನವರೆಗೂ ಬಿಡಲಿಲ್ಲ. ಬರೆಯಲು ವಸ್ತುವಿಲ್ಲವೆಂದು ಕೊರಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಒಂದೇ ಕಾಗೆಯನ್ನು ಸಾವಿರ ಬಾರಿ ನೋಡಿದವನಿಗೆ ಮಂತ್ರಿಯ ನಡಿಗೆಯನ್ನು ಹಿಡಿಯುವುದು ಕಷ್ಟವಾಗದು.

ಮೈಸೂರಿನವರೇ ಆದ ಇನ್ನೊಬ್ಬ ವಿದ್ಯಾರ್ಥಿಯ ಮಾತು. ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸ್ ಅವರ ಸಹಪಾಠಿ. ಸೋದರಿ ನಿವೇದಿತಾ ಆರಂಭಿಸಿ, ಅವರು 1911ರಲ್ಲಿ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಪೂರ್ತಿಮಾಡಿದ ಹಿಂದೂ–ಬೌದ್ಧ ಪುರಾಣಕತೆಗಳ ಇಂಗ್ಲಿಷ್ ಗ್ರಂಥವೊಂದು 1913ರಲ್ಲಿ ಪ್ರಕಟವಾಯಿತು. ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ವರ್ಣಚಿತ್ರಗಳಲ್ಲಿ ರಾಮಾಯಣದ ಹಲವು ಪ್ರಸಂಗಗಳನ್ನು ಬರೆದವರು ಇನ್ನೂ ವಿದ್ಯಾರ್ಥಿಯೇ ಆಗಿದ್ದ ವೆಂಕಟಪ್ಪನವರು. ಕತೆಗೆ ಚಿತ್ರ ಬರೆಯುವುದೆಂದರೆ ಕಡಿಮೆ ದರ್ಜೆಯ ಕೆಲಸವೆಂದು ಮೂಗು ಮುರಿಯುವವರು ಇದನ್ನು ನೆನೆಯುವುದು ಒಳ್ಳೆಯದು.

ವೆಂಕಟಪ್ಪನವರ ಶಿಸ್ತು ಪ್ರಸಿದ್ಧ. ಮದುವೆಯಾಗಲಿಲ್ಲ, ದಿನದ ಕೆಲಸವನ್ನು ದಿನಚರಿಯಲ್ಲಿ ದಾಖಲಿಸುತ್ತಿದ್ದರು. ಅವರು ಊಟಿ, ಕೊಡೈಕನಾಲುಗಳಲ್ಲಿ ಬರೆದ ಜಲವರ್ಣದ ನಿಸರ್ಗಚಿತ್ರಗಳನ್ನು ನೋಡಿದರೆ, ಮಂಜು ಬೆಟ್ಟದ ಮೇಲಿಂದ ಜಾರುವ ಒಂದು ಗಳಿಗೆಗಾಗಿ ಎಷ್ಟು ಕಾದಿರಬೇಕೆಂಬುದು ಹೊಳೆಯುತ್ತದೆ. ನಡುವಯಸ್ಸಿನಲ್ಲಿ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು ಅವರು. ಹೆಸರಾದ ಮೇಲೆ ಮತ್ತೊಮ್ಮೆ ಶಿಷ್ಯನಾಗಿ ಕುಳಿತುಕೊಳ್ಳುವುದು ಎಲ್ಲರಿಂದಾಗುವ ಕೆಲಸವಲ್ಲ. ಎಲ್ಲರೂ ವೆಂಕಟಪ್ಪನವರಂತೆ ಸಂಸಾರ ಬಿಟ್ಟು ಕೂರಬೇಕೆಂದು ನಾನು ಹೇಳುತ್ತಿಲ್ಲ. ಅವರ ದಿನಚರಿಗೂ ನಮ್ಮೂರ ಹುಡುಗಿಯ ಪುಟದ ಕೆಳಗಿನ ಸಾಲಿಗೂ ಒಂದು ಹೋಲಿಕೆಯುಂಟೆಂದು ಮಾತ್ರ ಹೇಳುತ್ತೇನೆ. ದಿನದ ಕೊನೆಗೆ ‘ಇಂದು ಏನು ಮಾಡಿದೆ?’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಇಬ್ಬರದೂ.

ವಾರಪತ್ರಿಕೆಗಳ ಚಿತ್ರಗಳಿಂದಲೇ ಪಾಠ ಕಲಿತ ಇನ್ನೊಬ್ಬನನ್ನು ದೂರದ ಹಾಲೆಂಡಿನಿಂದ ಕರೆತರುತ್ತೇನೆ. ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದ್ದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಆರಂಭದಲ್ಲಿ ಅವನು ಕಂಡ ಕನಸು ಸಚಿತ್ರ ಪತ್ರಿಕೆಗಳಿಗೆ ಚಿತ್ರ ಬರೆದು ಬದುಕುವುದು. ಹೇಗ್ ನಗರದಲ್ಲಿದ್ದಾಗ, ಕೈಯಲ್ಲಿ ಕಾಸಿಲ್ಲದಿದ್ದರೂ, 1883ರಲ್ಲಿ ‘ಗ್ರಾಫಿಕ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ 21 ಹಳೆಯ ಸಂಪುಟಗಳನ್ನು ಕೊಂಡು, ಅವುಗಳ ಚಿತ್ರಗಳನ್ನು ಜೋಪಾನವಾಗಿ ಇರಿಸಿಕೊಂಡ. ಶಾರ್ಲ್ ಬಾರ್ಗ್ ಎಂಬವನು ಸಿದ್ಧಪಡಿಸಿದ್ದ ರೇಖಾಭ್ಯಾಸದ ಹಾಳೆಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ನಕಲು ಮಾಡಿದ. ಇಲ್ಲಿ ಒಂದು ಸಂಗತಿ ಮನಸ್ಸನ್ನು ಹಿಡಿಯುತ್ತದೆ. 1890ರಲ್ಲಿ, ಅವನು ಸತ್ತ ವರ್ಷವೇ, ಇಂದು ಜಗತ್ತು ಕೊಂಡಾಡುವ ಚಿತ್ರಗಳನ್ನೆಲ್ಲ ಬರೆದಾಗಿದ್ದ ಆ ಮನುಷ್ಯ, ಅದೇ ಬಾರ್ಗ್‌ನ ಹಾಳೆಗಳನ್ನು ಕಳುಹಿಸೆಂದು ತಮ್ಮ ತಿಯೋಗೆ ಕಾಗದ ಬರೆದ. ಹತ್ತು ವರ್ಷದ ತರುವಾಯ ಮತ್ತೆ ಕಾಗುಣಿತದ ಪುಸ್ತಕ! ಪ್ರಗತಿಯೆಂದರೆ ಮೊದಲ ಪಾಠವನ್ನು ದಾಟಿ ಓಡುವುದು ಎಂದುಕೊಂಡವರಿಗೆ ಇದು ಅರ್ಥವಾಗದು. ಆ ಪಾಠದಲ್ಲಿ ಮೊದಲು ಕಾಣದಿದ್ದುದು ಈಗ ಕಾಣುತ್ತದೆಂಬ ನಂಬಿಕೆಯಿಂದಲ್ಲವೆ ಅವನು ಅದನ್ನು ತರಿಸಲು ಹೊರಟದ್ದು?

ಅಂಥ ಪಾಠಗಳನ್ನು ಕೊಡುವವರು ನಮ್ಮಲ್ಲಿಯೂ ಇದ್ದರು. 1949ರಲ್ಲಿ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದ ಮುಖಪುಟದ ಮಹಾಭಾರತದ ಚಿತ್ರಗಳನ್ನು ಹಿರಿಯ ವಾಚಕರು ಮರೆತಿರಲಾರರು. ಅವನ್ನು ಬರೆದ ಎಂ. ಟಿ. ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಕಲಾಶಾಲೆಯ ಮೆಟ್ಟಿಲು ಹತ್ತಲಾಗದವರ ಮನೆಗೆ ಪಾಠವೇ ಲಕೋಟೆಯಲ್ಲಿ ನಡೆದುಬಂತು.

ಇನ್ನು ಕೆಲಸದ ರೂಢಿಗಳ ಮಾತು. ನಮ್ಮ ಹುಡುಗಿಯ ಏಳು ಪುಸ್ತಕಗಳನ್ನು ತಿರುವಿದಾಗ ಅವಳ ಒಳ್ಳೆಯ ದಿನಗಳಿಗೂ ಕೆಟ್ಟ ದಿನಗಳಿಗೂ ಇದ್ದ ವ್ಯತ್ಯಾಸ ಸ್ಪಷ್ಟವಾಯಿತು. ‘ಇಂದು ಒಂದು ದೊಡ್ಡ ಚಿತ್ರ’ ಎಂದು ಸಂಕಲ್ಪಿಸಿದ ದಿನಗಳ ಮುಂದೆ ಬಹುಮಟ್ಟಿಗೆ ಖಾಲಿ ಪುಟಗಳಿದ್ದವು. ಬಸ್‌ಸ್ಟ್ಯಾಂಡಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ, ಅಜ್ಜಿ ಮೊರ ಹಿಡಿದು ಕುಳಿತಿದ್ದ ಜಗಲಿಯಲ್ಲಿ ಕಾಲು ಗಂಟೆ ಬರೆದ ದಿನಗಳು ಒಂದರ ಹಿಂದೆ ಒಂದು ಸಾಲುಗಟ್ಟಿದ್ದವು. ಮೇ ತಿಂಗಳಲ್ಲಿ ಇಲ್ಲಿಗೆ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಗಿರಿಜನರು ಬಗೆಬಗೆಯ ವೇಷ ತೊಟ್ಟು, ಗಂಡಸರು ಹೆಂಗಸರ ಉಡುಗೆಯುಟ್ಟು, ಕುಣಿಯುತ್ತ ದೇವರನ್ನೂ ಎದುರು ಸಿಕ್ಕವರನ್ನೂ ಬೈಯುವ ಹಬ್ಬ ಅದು. ಅಲ್ಲಿ ಯಾರೂ ಚಿತ್ರಕ್ಕಾಗಿ ನಿಲ್ಲುವುದಿಲ್ಲ. ರಬ್ಬರನ್ನು ಮನೆಯಲ್ಲಿಯೇ ಬಿಟ್ಟು ಹೋಗಿ ಅವಳು ಬರೆದುಕೊಂಡು ಬಂದ ಹನ್ನೆರಡು ಪುಟಗಳಲ್ಲಿ ಮುಖಗಳಿಲ್ಲ, ಬೆರಳುಗಳಿಲ್ಲ, ಆದರೆ ಕುಣಿತವಿತ್ತು. ಮೊಬೈಲಿನ ಫೋಟೋ ನೋಡಿ ಮೇಜಿನ ಮುಂದೆ ನಿಧಾನವಾಗಿ ಬರೆದ ಅದೇ ಹಬ್ಬದ ಚಿತ್ರದಲ್ಲಿ ಬೆರಳುಗಳೆಲ್ಲ ಇದ್ದವು, ಕುಣಿತ ನಿಂತುಹೋಗಿತ್ತು.

ಕತೆಗೆ ಚಿತ್ರ ಬರೆಯುವವರಿಗೆ ಇನ್ನೊಂದು ಅಭ್ಯಾಸವೂ ಅವಶ್ಯ: ಓದುವುದು. ಅವಳ ತರಗತಿಯಲ್ಲಿ ತೋಟಕ್ಕೆ ಆನೆ ನುಗ್ಗಿದ ಕತೆಯೊಂದನ್ನು ಕೊಟ್ಟಿದ್ದರಂತೆ. ಆನೆ ಸೊಂಡಿಲೆತ್ತಿ ಅಟ್ಟಿಸಿಕೊಂಡು ಬರುವುದನ್ನು ಇವಳು ಬರೆದಳು. ಅಧ್ಯಾಪಕರು, “ಇದನ್ನು ಕತೆಗಾರ ಆಗಲೇ ಹೇಳಿಬಿಟ್ಟಿದ್ದಾನಲ್ಲ, ನೀನು ಹೇಳುವುದೇನು?” ಎಂದು ಹಿಂದಿರುಗಿಸಿದರಂತೆ. ಕತೆಯನ್ನು ಮತ್ತೆರಡು ಸಲ ಓದಿದಳು. ಎರಡನೆಯ ಚಿತ್ರದಲ್ಲಿ ಆನೆಯೇ ಇಲ್ಲ. ಮುರಿದ ಬಾಳೆ, ಅರೆ ತೆರೆದ ಬಾಗಿಲು, ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು ಕತ್ತಲೆಯನ್ನು ನೋಡುತ್ತಿರುವ ನಾಯಿ. ಆನಂದವರ್ಧನ ‘ಧ್ವನಿ’ಯೆಂದು ಕರೆದದ್ದು ಇದನ್ನೇ. ಹೇಳದೆ ಉಳಿಸಿದ್ದು ಹೇಳಿದ್ದಕ್ಕಿಂತ ಬಲವಾಗಿ ಕೇಳಿಸುತ್ತದೆ. ಆ ನಾಯಿಯನ್ನು ಕಂಡಾಗ ನನಗೆ, ಈ ಹುಡುಗಿ ಕಲಿಕೆ ಬಿಟ್ಟರೆ ನಷ್ಟ ಅವಳೊಬ್ಬಳದಲ್ಲವೆನಿಸಿತು.

ಅವಳ ತಂದೆಯ ಪ್ರಶ್ನೆಗೆ ಉತ್ತರ ಹೇಳದೆ ಜಾರಿಕೊಳ್ಳುವುದು ನ್ಯಾಯವಲ್ಲ. ಬೇಕಾದ ಚಿತ್ರವನ್ನು ಮಾತಿನಲ್ಲಿ ಬರೆದುಕೊಟ್ಟರೆ ಅದನ್ನು ಕ್ಷಣದಲ್ಲಿ ರಚಿಸಿಕೊಡುವ ಯಂತ್ರಬುದ್ಧಿಯ ಸಾಧನಗಳು 2022ರಿಂದೀಚೆಗೆ ಎಲ್ಲರ ಕೈಗೂ ಬಂದಿವೆ. ಚಿತ್ರ ಬರೆದು ಬದುಕುವವರ ಭಯ ಹುರುಳಿಲ್ಲದ್ದಲ್ಲ. ಯಾವ ಆನೆಯಾದರೂ ಸರಿ ಎನ್ನುವವರು ಯಂತ್ರದ ಆನೆಯನ್ನು ಕೊಳ್ಳುತ್ತಾರೆ, ಅವರನ್ನು ತಡೆಯಲಾಗದು. ಆದರೆ ಯಂತ್ರ ಕೊಡುವುದು ಜಗತ್ತಿನ ಅಸಂಖ್ಯ ಚಿತ್ರಗಳನ್ನು ಅರೆದು ತೆಗೆದ ಸಾರ. ಆ ಜಗಲಿಯ ಅಜ್ಜಿ ಮೊರವನ್ನು ಯಾವ ಓರೆಯಲ್ಲಿ ಹಿಡಿಯುತ್ತಾಳೆಂದು ಕುಳಿತು ನೋಡಿದವರು ಮಾತ್ರ ಅವಳನ್ನು ಬರೆಯಬಲ್ಲರು. ಮಕ್ಕಳ ಪುಸ್ತಕ, ಪಠ್ಯಪುಸ್ತಕ, ಗಿಡಮರ ಹಕ್ಕಿಗಳ ಪರಿಚಯದ ಗ್ರಂಥ, ಜನಪದ ಕತೆಗಳ ಸಂಗ್ರಹ, ಇವಕ್ಕೆಲ್ಲ ನಮ್ಮ ನೆಲವನ್ನು ನೋಡಿ ಬಲ್ಲ ಕಣ್ಣು ಬೇಕು. ಅದರಿಂದ ಎಷ್ಟು ಸಂಪಾದನೆಯಾದೀತೆಂದು ಹೇಳಲು ನಾನು ಜೋಯಿಸನಲ್ಲ. ಹಸಿವನ್ನು ಮರೆತು ಕಲೆಯನ್ನು ಅಪ್ಪಿಕೋ ಎಂದು ಉಪದೇಶಿಸುವ ಧೈರ್ಯವೂ ನನಗಿಲ್ಲ. ಪಕ್ಕದಲ್ಲೊಂದು ಉದ್ಯೋಗ ಹಿಡಿದುಕೊಂಡು ದಿನಕ್ಕೆ ಕಾಲು ಗಂಟೆ ಬರೆದರೂ ಈ ವಿದ್ಯೆ ಕೈಬಿಡುವುದಿಲ್ಲ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಬಿಡುವುದಾದರೆ ಜೀವನೋಪಾಯದ ಲೆಕ್ಕ ಹಾಕಿ ಬಿಡಲಿ, ‘ಹಿಂದಕ್ಕೆ ಹೋಗಿದ್ದೇನೆ’ ಎಂಬ ಸುಳ್ಳು ಲೆಕ್ಕವನ್ನು ನಂಬಿ ಬಿಡಬಾರದು.

ಇಷ್ಟನ್ನೂ ಅವಳಿಗೆ ಹೇಳಿದೆ. ಅವಳು ಪುಸ್ತಕಗಳನ್ನು ಕಟ್ಟಿಕೊಂಡು, “ಆ ಕಿವಿಯನ್ನು ಇನ್ನೊಂದು ಸಲ ನೋಡಬೇಕು ಸಾರ್,” ಎಂದಳು. ಮರುದಿನ ಬೆಳಿಗ್ಗೆ ಮತ್ತಿಗೋಡಿನ ಕಡೆಗೆ ಹೊರಟಳೆಂದು ಕೇಳಿದೆ. ಕೊನೆಯ ವರ್ಷದ ಶುಲ್ಕದ ವಿಷಯ ತಂದೆ ಮಗಳ ನಡುವೆ ಇನ್ನೂ ತೀರ್ಮಾನವಾಗಬೇಕಾಗಿದೆ. ಅದು ಅವರ ಮನೆಯ ಮಾತು.

ನಮ್ಮ ನಿಮ್ಮ ಮನೆಯ ಮಾತಿಗೆ ಬರೋಣ. ಗೋಡೆಯ ಮೇಲೆ ಗೀಚುವ ಮಗು, ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಮೇಷ್ಟರ ಮೂಗು ಬರೆಯುವ ಹುಡುಗ, ಓದು ಮುಗಿದ ಮೇಲೆ ದೀಪದ ಕೆಳಗೆ ಬಣ್ಣದ ಡಬ್ಬಿ ತೆರೆಯುವ ಹುಡುಗಿ ಎಷ್ಟೋ ಮನೆಗಳಲ್ಲಿ ಇದ್ದಾರೆ. ಅವರಿಗೆ ‘ಆಹಾ’ ಎನ್ನುವುದೂ ಬೇಡ, ‘ಇದರಿಂದ ಹೊಟ್ಟೆ ತುಂಬುತ್ತದೆಯೆ?’ ಎನ್ನುವುದೂ ಬೇಡ. ಇದರಲ್ಲಿ ನಿನಗೆ ಸರಿಯೆನಿಸದಿರುವುದು ಯಾವುದು ಎಂದು ಕೇಳಿ, ಅವರ ಉತ್ತರವನ್ನು ಕೇಳಿಸಿಕೊಳ್ಳಿ. ಅನಂತರ ಹಾಳೆಯ ಹಿಂದೆ ತಾರೀಖು ಬರೆದು ಒಂದು ಪೆಟ್ಟಿಗೆಯಲ್ಲಿ ಹಾಕಿಡಿ. ನಾಲ್ಕಾರು ವರ್ಷಗಳ ಮೇಲೆ ಆ ಮಗು ತಲೆಯ ಮೇಲೆ ಕೈಹೊತ್ತು, ‘ನನ್ನಿಂದಾಗದು’ ಎಂದು ಕುಳಿತ ದಿನ ಆ ಪೆಟ್ಟಿಗೆಯನ್ನು ತೆಗೆದು ಎದುರಿಗಿಡಿ. ನೀವು ಏನೂ ಹೇಳಬೇಕಾಗುವುದಿಲ್ಲ.